ಕೆರೆಗೆ ಗೋಡೆ ಬೇಡ, ದಡಕ್ಕೆ ಗಿಡ ಕೊಡಿ: ಕರಾವಳಿಯ ಕೆರೆ ಕೆಲಸ ಮಾಡಿಸುವವರಿಗೆ ಒಂದು ಬಹಿರಂಗ ಪತ್ರ

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಕೆರೆ ಕೆಲಸದ ಎಸ್ಟಿಮೇಟ್ ಬರೆಯುವ ಇಂಜಿನಿಯರ್‌ಗಳಿಗೆ, ಅದಕ್ಕೆ ಸಹಿ ಹಾಕುವ ಅಧಿಕಾರಿಗಳಿಗೆ, ಪಂಚಾಯತ್ ಮತ್ತು ನಗರಸಭೆ ಸದಸ್ಯರಿಗೆ,

ನಮಸ್ಕಾರ.

ಮಳೆ ಬಿಟ್ಟ ಮೇಲೆ ಮುಂದಿನ ಬೇಸಿಗೆಯ ಕೆರೆ ಕೆಲಸಗಳ ಪಟ್ಟಿ ತಯಾರಾಗುತ್ತದೆ. ಹೂಳೆತ್ತುವುದು, ಸುತ್ತ ತಡೆಗೋಡೆ, ಅದರ ಮೇಲೆ ಇಂಟರ್‌ಲಾಕ್ ಹಾಸಿದ ವಾಕಿಂಗ್ ಟ್ರ್ಯಾಕ್, ರೇಲಿಂಗ್, ಬೆಂಚು, ದೀಪ. ಊರು ಯಾವುದೇ ಇರಲಿ, ಪಟ್ಟಿ ಹೆಚ್ಚುಕಮ್ಮಿ ಇದೇ. ನಾನು ಕೇಳುವುದು ಒಂದೇ. ಆ ಪಟ್ಟಿಯಲ್ಲಿ 'ಸುತ್ತ ತಡೆಗೋಡೆ' ಎಂದು ಬರೆಯುವ ಮೊದಲು ದಯವಿಟ್ಟು ಒಮ್ಮೆ ಯೋಚಿಸಿ. ನಮ್ಮ ಹೆಚ್ಚಿನ ಕೆರೆಗಳಿಗೆ ಸುತ್ತ ಗೋಡೆ ಬೇಕಾಗಿಲ್ಲ. ದಡವನ್ನು ಇಳಿಜಾರು ಮಾಡಿ, ಅದರಲ್ಲಿ ನಮ್ಮ ತೋಡಿನ (ಸಣ್ಣ ಹಳ್ಳದ) ಬದಿಯಲ್ಲಿ ತಲೆಮಾರುಗಳಿಂದ ಬೆಳೆಯುತ್ತಾ ಬಂದ ಗಿಡಗಳನ್ನೇ ನೆಟ್ಟರೆ ಮಣ್ಣು ನಿಲ್ಲುತ್ತದೆ.

ನಾನು ಇಂಜಿನಿಯರ್ ಅಲ್ಲ. ಉಡುಪಿ ತಾಲೂಕಿನಲ್ಲಿ ಸ್ವಲ್ಪ ತೆಂಗು, ಅಡಿಕೆ, ಒಂದಷ್ಟು ಗದ್ದೆ ಇರುವವನು. ಗದ್ದೆಗೆ ನೀರು ಬರುವುದು ಊರ ಕೆರೆಯಿಂದ. ಹಾಗಾಗಿ ದಡ ಎಲ್ಲಿ ಜರಿಯುತ್ತದೆ, ಎಲ್ಲಿ ಜರಿಯುವುದಿಲ್ಲ ಎನ್ನುವುದನ್ನು ನೋಡುತ್ತಲೇ ಬಂದಿದ್ದೇನೆ.

ಮೊದಲು ಮಣ್ಣಿನ ವಿಷಯ. ಘಟ್ಟದ ಮೇಲಿನ ಕೆರೆಯ ಡ್ರಾಯಿಂಗನ್ನು ಇಲ್ಲಿಗೆ ತಂದರೆ ಆಗುವುದಿಲ್ಲ, ಯಾಕೆಂದರೆ ನಮ್ಮ ನೆಲವೇ ಬೇರೆ. ಮೇಲೆ ಮುರಕಲ್ಲು, ಅಂದರೆ ಕೆಂಪುಕಲ್ಲು, ಅದರ ಅಡಿಯಲ್ಲಿ ಶೇಡಿ ಮಣ್ಣು. ಬಾವಿ ತೋಡುವವರನ್ನು ಕೇಳಿ, ಅವರಿಗೆ ಇದು ಚೆನ್ನಾಗಿ ಗೊತ್ತು. ಒಣಗಿದ್ದಾಗ ಶೇಡಿ ಮಣ್ಣು ಕಡಿದಲ್ಲಿ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ನೀರು ಕುಡಿದರೆ ಅದರ ಬಲವೇ ಹೋಗುತ್ತದೆ, ನುಣ್ಣಗಿನ ಹಿಟ್ಟಾಗಿ ನೀರಿನ ಜತೆ ಹರಿದು ಹೋಗುತ್ತದೆ. ಮಳೆಗಾಲದಲ್ಲಿ ಗುಡ್ಡ ಕಡಿದ ಜಾಗಗಳು ಕುಸಿಯುವುದರ ಹಿಂದೆ ಹಲವು ಕಡೆ ಇದೇ ಪದರ ಇರುತ್ತದೆ. ಸುರತ್ಕಲ್ಲಿನ ಇಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯಲ್ಲಿ ಈ ಮಣ್ಣಿನ ಮೇಲೆ ಸಂಶೋಧನೆಯೂ ಆಗಿದೆ. ಕೇಳುವುದಕ್ಕೆ ದೂರ ಹೋಗಬೇಕಾಗಿಲ್ಲ.

ಇಂಥ ಮಣ್ಣಿನ ಮೇಲೆ ನಮ್ಮಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಅದರಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಈಗ ನೆಟ್ಟಗಿನ ಗೋಡೆಯ ಹಿಂದೆ ಏನಾಗುತ್ತದೆ ನೋಡಿ. ಮಳೆ ನೀರು ಗೋಡೆಯ ಹಿಂದಿನ ಮಣ್ಣಿಗೆ ಇಳಿಯುತ್ತದೆ. ಅಲ್ಲಿಂದ ಹೊರಗೆ ಬರಲು ಗೋಡೆಯಲ್ಲಿ ವೀಪ್ ಹೋಲ್, ಅಂದರೆ ಪೈಪಿಟ್ಟ ತೂತು, ಬಿಡುತ್ತೀರಿ, ಸರಿ. ಆದರೆ ಹಿಂದೆ ಜಲ್ಲಿ, ಮರಳಿನ ಫಿಲ್ಟರ್ ಸರಿಯಾಗಿ ಹಾಕದಿದ್ದರೆ ಶೇಡಿ ಮಣ್ಣು ಬಂದು ಪೈಪಿನ ಬಾಯಿಗೆ ಕೂರುತ್ತದೆ. ಕೆರೆ ತುಂಬಿದ್ದಾಗ ಒಳಗಿನ ನೀರು ಗೋಡೆಗೆ ಒತ್ತು ಕೊಟ್ಟು ಹಿಡಿದಿರುತ್ತದೆ. ಮಳೆ ಬಿಟ್ಟು, ತೋಟಕ್ಕೆ ಪಂಪು ಶುರುವಾಗಿ ಕೆರೆ ಇಳಿಯುತ್ತಾ ಬಂದಂತೆ ಆ ಒತ್ತು ತಪ್ಪುತ್ತದೆ, ಆದರೆ ಹಿಂದಿನ ಮಣ್ಣಲ್ಲಿ ನೀರು ಹಾಗೇ ನಿಂತಿರುತ್ತದೆ. ಆಗ ಅದು ಗೋಡೆಯನ್ನು ಕೆರೆಯ ಕಡೆಗೆ ನೂಕುತ್ತದೆ. ಬುಡದಲ್ಲಿ ಮಣ್ಣು ಕೊರೆದು ಹೋಗಿದ್ದರೆ ಮುಗಿಯಿತು.

ನಮ್ಮ ಹತ್ತಿರದ ಒಂದು ಕೆರೆಯಲ್ಲಿ ಹೀಗೇ ಆಯಿತು. ಊರಿನ ಹೆಸರು ಬೇಡ, ಯಾರನ್ನೋ ಸಿಕ್ಕಿಸಿಹಾಕುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಕೆಂಪುಕಲ್ಲಿನ ಗೋಡೆ, ಒಳಗೆ ಸಿಮೆಂಟ್ ಗಾರೆ. ಎರಡನೇ ಮಳೆಗಾಲ ಕಳೆಯುವಾಗ ಒಂದು ಮೂಲೆಯಲ್ಲಿ ಇಂಟರ್‌ಲಾಕ್ ತಗ್ಗಿತು. ಆಮೇಲೆ ಗೋಡೆಯಲ್ಲಿ ಮೇಲಿನಿಂದ ಕೆಳಗೆ ಸೀಳು ಬಿತ್ತು. ಆ ಸೀಳಿನಲ್ಲಿ ಕೈ ತೂರಿಸಿದರೆ ಮೊಣಕೈ ತನಕ ಹೋಗುತ್ತದೆ, ಒಳಗೆ ಮಣ್ಣೇ ಇಲ್ಲ, ಪೊಳ್ಳು. ವೀಪ್ ಹೋಲಿನ ಪೈಪಿಗೆ ಕಡ್ಡಿ ಹಾಕಿ ಕೆದಕಿದೆ, ಬಿಳಿ ಮಿಶ್ರಿತ ಗುಲಾಬಿ ಬಣ್ಣದ ಶೇಡಿ ಗಟ್ಟಿಯಾಗಿ ಕೂತಿತ್ತು. ಅದೇ ಕೆರೆಯ ಆಚೆ ಬದಿಯಲ್ಲಿ ದುಡ್ಡು ಸಾಲದೆ ಗೋಡೆ ಕಟ್ಟದೆ ಬಿಟ್ಟಿದ್ದರು. ಅಲ್ಲಿ ಕೇದಗೆ ಜಾತಿಯ ಹಳೆಯ ಮುಂಡೇವಿನ ಹಿಂಡಲು, ನೀರಿನ ಅಂಚಿಗೆ ಜೇಕು ಹುಲ್ಲು, ಅದರ ಹಿಂದೆ ಒಂದೆರಡು ಹೊಂಗೆ ಮರ. ಅದೇ ಮಣ್ಣು, ಅದೇ ಮಳೆ. ಅಲ್ಲಿ ದಡ ಒಂದು ಗೇಣೂ ಹಿಂದೆ ಸರಿದಿಲ್ಲ.

ಮುಂಡೇವಿನ ಬುಡವನ್ನು ನೀವು ಒಮ್ಮೆ ಬಗ್ಗಿ ನೋಡಬೇಕು. ಕಾಂಡದಿಂದ ಹೆಬ್ಬೆರಳಿಗಿಂತ ದಪ್ಪದ ಬಿಳಲು ಬೇರುಗಳು ಓರೆಯಾಗಿ ನೆಲಕ್ಕೆ ಇಳಿದಿರುತ್ತವೆ. ನೆಲ ಮುಟ್ಟಿದಲ್ಲಿ ಒಂದೊಂದೂ ನೂರಾರು ಸಣ್ಣ ಬೇರಾಗಿ ಒಡೆದು ಮಣ್ಣನ್ನು ಹಿಡಿಯುತ್ತದೆ. ಮೇಲಿನಿಂದ ಹರಿದು ಬಂದ ನೀರು ಆ ಬಿಳಲುಗಳ ನಡುವೆ ನುಗ್ಗುವಾಗ ವೇಗ ತಗ್ಗಿ, ಹೊತ್ತು ತಂದ ಮಣ್ಣನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಅಂದರೆ ದಡ ಸವೆಯುವ ಬದಲು ಸ್ವಲ್ಪ ಸ್ವಲ್ಪವಾಗಿ ಬೆಳೆಯುತ್ತದೆ. ನಮ್ಮ ಹಿರಿಯರು ತೋಡಿನ ಬದಿಗೆ, ಗದ್ದೆಯ ಅಂಚಿಗೆ ಇದನ್ನು ಬಿಟ್ಟುಕೊಂಡದ್ದು ಸುಮ್ನೆ ಅಲ್ಲ. ಅದರ ಓಲೆಯಿಂದ ಚಾಪೆ ಆಗುತ್ತಿತ್ತು, ಅಷ್ಟಮಿಗೆ ಇಡ್ಲಿ ಹಿಟ್ಟು ಬೇಯಿಸುವ ಮೂಡೆ ಆಗುತ್ತಿತ್ತು. ಈಗ ತೋಡಿಗೆಲ್ಲ ಕಾಂಕ್ರೀಟ್ ಆಗಿ ಮುಂಡೇವು ಹೋದ ಮೇಲೆ ಅಷ್ಟಮಿ ಹತ್ತಿರ ಬಂದಾಗ ಕಟ್ಟಿದ ಮೂಡೆಯನ್ನು ಪೇಟೆಯಿಂದ ದುಡ್ಡು ಕೊಟ್ಟು ತರುತ್ತೇವೆ. ಊರ ಕೆರೆಯ ಒಂದು ಬದಿಗೆ ಮುಂಡೇವು ನೆಟ್ಟರೆ ದಡವೂ ಉಳಿಯುತ್ತದೆ, ಓಲೆ ತೆಗೆದು ಮೂಡೆ ಕಟ್ಟುವ ನಾಲ್ಕು ಮನೆಗೆ ಸಂಪಾದನೆಯೂ ಆಗುತ್ತದೆ.

ಇನ್ನೊಂದು ಲಾವಂಚ. ಕುಡಿಯುವ ನೀರಿಗೆ ಹಾಕುವ ಅದೇ ಬೇರು. ಒಳ್ಳೆ ಮಣ್ಣಿನಲ್ಲಿ ಇದರ ಬೇರು ಅಡ್ಡಕ್ಕೆ ಹೋಗದೆ ನೇರ ಕೆಳಗೆ 3 ಮೀಟರ್ ತನಕ ಇಳಿಯುತ್ತದೆ. ಆ ಬೇರಿನ ಎಳೆತದ ಬಲ ಸಾಧಾರಣ ಉಕ್ಕಿನ ಆರನೇ ಒಂದು ಪಾಲಿನಷ್ಟು ಎಂದು ಅಳತೆ ಮಾಡಿ ನೋಡಿದ್ದಾರೆ, ಹುಲ್ಲಿನ ಬೇರಿಗೆ ಅದು ಸಣ್ಣ ಬಲವಲ್ಲ. ನಮ್ಮದೇ ರಾಜ್ಯದ ಗುಂಡ್ಲುಪೇಟೆ ಕಡೆಯ ರೈತರು ಹೊಲದ ಬದುವಿಗೆ ಇದನ್ನು ತಲೆಮಾರುಗಳಿಂದ ಹಾಕಿಕೊಂಡು ಬಂದವರು. 1980ರ ದಶಕದಲ್ಲಿ ವಿಶ್ವ ಬ್ಯಾಂಕಿನವರು ಮಣ್ಣು ಸವಕಳಿ ತಡೆಯಲು ಇದೇ ಹುಲ್ಲನ್ನು ಹಿಡಿದುಕೊಂಡು ಬೇರೆ ದೇಶಗಳಿಗೂ ಹೋದರು. ಬುಡ ಸೀಳಿ, ಇಳಿಜಾರಿಗೆ ಅಡ್ಡವಾಗಿ, ಅರ್ಧ ಗೇಣಿಗೊಂದರಂತೆ ಸಾಲು ನೆಡಬೇಕು. ಎಡೆ ಬಿಟ್ಟು ಅಲ್ಲೊಂದು ಇಲ್ಲೊಂದು ನೆಟ್ಟರೆ ನೀರು ಸಂದಿಯಲ್ಲಿ ನುಗ್ಗಿ ಮತ್ತಷ್ಟು ಕೊರೆಯುತ್ತದೆ. ಬಿಸಿಲೂ ಬೇಕು, ಮರದ ನೆರಳಲ್ಲಿ ಇದು ಸೊರಗುತ್ತದೆ. ದಕ್ಷಿಣದ ತಳಿಗಳು ಬೀಜ ಉದುರಿಸಿ ಹರಡುವುದು ತೀರಾ ಕಮ್ಮಿ, ಹಾಗಾಗಿ ಪಕ್ಕದ ಗದ್ದೆಯವರು ಹೆದರಬೇಕಾಗಿಲ್ಲ.

ದಡ ಎಂದರೆ ಒಂದೇ ಗೆರೆ ಅಲ್ಲ, ಅದನ್ನು ಪಟ್ಟಿ ಪಟ್ಟಿಯಾಗಿ ನೋಡಬೇಕು. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಬಯಲಾಗುವ ಪಟ್ಟಿಗೆ ಜೇಕು, ಬಜೆ, ಕಾಡು ಕೆಸುವಿನಂಥವು ಬೇಕು, ನೀರಲ್ಲಿ ನಿಂತರೂ ಕೊಳೆಯದವು. ಅದರ ಮೇಲಿನ ಸದಾ ಒದ್ದೆ ನೆಲಕ್ಕೆ ಮುಂಡೇವು, ಸಮುದ್ರಫಲ, ಒಂದೆಲಗ (ನಮ್ಮ ತಿಮರೆ). ತಿಮರೆ ಚಟ್ನಿ ತಿಂದು ಬೆಳೆದ ನಮಗೆ ಒಂದೆಲಗ ಎಷ್ಟು ಬೇಗ ಬರಿ ನೆಲವನ್ನು ಮುಚ್ಚುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ. ಬಿಸಿಲು ಬೀಳುವ ಇಳಿಜಾರಿಗೆ ಲಾವಂಚ, ಲಕ್ಕಿ ಗಿಡ. ಲಕ್ಕಿಯ ಗೆಲ್ಲು ಕಡಿದು ಮಳೆಗಾಲದಲ್ಲಿ ಊರಿದರೆ ಸಾಕು, ಚಿಗುರುತ್ತದೆ. ಎಲ್ಲಕ್ಕಿಂತ ಮೇಲೆ, ನಡೆಯುವ ದಾರಿಯ ಪಕ್ಕದಲ್ಲಿ ಹೊಳೆಮತ್ತಿ, ಹೊಂಗೆ, ಸುರಹೊನ್ನೆ, ಹೊಳೆದಾಸವಾಳ. ಹೊಳೆದಾಸವಾಳ ಬೇಸಿಗೆಯಲ್ಲಿ ನೇರಳೆ ಬಣ್ಣದ ಹೂ ಬಿಟ್ಟು ನಿಂತರೆ ಕೆರೆಗೆ ಬೇರೆ ಅಲಂಕಾರ ಏಕೆ?

ಒಂದು ಎಚ್ಚರಿಕೆ ಉಂಟು. ತೋಡಿ ಮಾಡಿದ ಕೆರೆ ಬೇರೆ, ಮಣ್ಣಿನ ಏರಿ ಕಟ್ಟಿ ನೀರು ನಿಲ್ಲಿಸಿದ ಮದಗ ಬೇರೆ. ಏರಿಯ ಮೈಮೇಲೆ ದೊಡ್ಡ ಮರ ನೆಡಬೇಡಿ. ಮರ ಸತ್ತು ಬೇರು ಕೊಳೆತರೆ ಆ ದಾರಿಯಲ್ಲೇ ನೀರು ಸೋರಲು ಶುರುವಾಗಿ ಏರಿಯೇ ಒಡೆಯಬಹುದು. ಏರಿಗೆ ಹುಲ್ಲು, ಲಾವಂಚ ಸಾಕು. ಗಿಡದಿಂದ ಎಲ್ಲವೂ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಮೂರಾಳು ಎತ್ತರ ನೆಟ್ಟಗೆ ಕಡಿದ ಶೇಡಿ ದಡವನ್ನು ಯಾವ ಬೇರೂ ಹಿಡಿದು ನಿಲ್ಲಿಸುವುದಿಲ್ಲ. ಮೊದಲು ಇಳಿಜಾರು ಬೇಕು, ಒಂದಡಿ ಎತ್ತರಕ್ಕೆ ಕಮ್ಮಿ ಎಂದರೂ 2 ಅಡಿ, ಜಾಗ ಇದ್ದರೆ 3 ಅಡಿ ಓರೆ. 'ಅಷ್ಟು ಜಾಗ ಎಲ್ಲಿಂದ ತರೋದು' ಎನ್ನುತ್ತೀರಿ. ವಾಕಿಂಗ್ ಟ್ರ್ಯಾಕನ್ನು ನೀರಿನ ಅಂಚಿನಿಂದ ಸ್ವಲ್ಪ ಹಿಂದೆ ತನ್ನಿ, ಅಲ್ಲೇ ಅರ್ಧ ಜಾಗ ಸಿಗುತ್ತದೆ. ಸರ್ವೆ ಮಾಡಿಸಿ ಕೆರೆಯ ನಿಜವಾದ ಗಡಿ ಗುರುತಿಸಿದರೆ ಉಳಿದ ಅರ್ಧವೂ ಹಲವು ಕಡೆ ಸಿಗುತ್ತದೆ.

ನಿಜವಾಗಿ ಗೋಡೆ ಬೇಕಾದ ಕಡೆ ಕಟ್ಟಿ, ಅದಕ್ಕೆ ನನ್ನ ಆಕ್ಷೇಪ ಇಲ್ಲ. ರಸ್ತೆ ಕೆರೆಗೆ ಅಂಟಿಕೊಂಡೇ ಇದ್ದಲ್ಲಿ, ಇಳಿಯುವ ಮೆಟ್ಟಿಲ ಹತ್ತಿರ, ಕೋಡಿಯ ಎರಡೂ ಬದಿ, ತೋಡು ರಭಸದಿಂದ ಬಂದು ಸೇರುವಲ್ಲಿ ಕಲ್ಲೇ ಬೇಕು. ಕೃಷ್ಣಮಠದ ಮಧ್ವ ಸರೋವರದಂಥ ದೇವಸ್ಥಾನದ ಕೆರೆಗಳ ವಿಷಯವೂ ಬೇರೆ, ಅವು ಮೆಟ್ಟಿಲಿಗೆಂದೇ ಕಟ್ಟಿದವು. ನಾನು ಹೇಳುವುದು ಊರಿನ ಸಾಮಾನ್ಯ ಕೆರೆ, ಮದಗಗಳ ವಿಷಯ. ಮಂಗಳೂರಿನ ಕಾವೂರು ಕೆರೆ, ಬೈರಾಡಿ ಕೆರೆ, ಮಣಿಪಾಲದ ಮಣ್ಣಪಳ್ಳ, ಕಾರ್ಕಳದ ರಾಮಸಮುದ್ರದಿಂದ ಹಿಡಿದು ಹೆಸರೇ ಹೊರಗೆ ಗೊತ್ತಿಲ್ಲದ ಸಣ್ಣ ಮದಗದ ತನಕ. 2022ರಲ್ಲಿ ಶುರುವಾದ ಅಮೃತ ಸರೋವರ ಯೋಜನೆಯಲ್ಲಿ ಜಿಲ್ಲೆಗೆ 75 ಕೆರೆ ಎಂದು ಗುರಿ ಇಟ್ಟಿದ್ದರು. ಇಷ್ಟು ಕೆರೆಗಳ ಮೇಲೆ ಕೈ ಹಾಕುವಾಗ ದಡವನ್ನು ಹೇಗೆ ಮಾಡುತ್ತೇವೆ ಎನ್ನುವುದು ಸಣ್ಣ ವಿಷಯ ಅಲ್ಲ ಅಲ್ವಾ?

ನೆಟ್ಟಗಿನ ಗೋಡೆಯಿಂದ ಇನ್ನೊಂದು ಅಪಾಯ ಉಂಟು, ಇದು ನನಗೆ ಎಲ್ಲಕ್ಕಿಂತ ದೊಡ್ಡದು. ಬಿದ್ದವರು ಮೇಲೆ ಬರುವ ಹಾಗಿಲ್ಲ. ಪಕ್ಕದ ಮನೆಯವರ ಕರು ಒಂದು ಅಂಥ ಕೆರೆಗೆ ಬಿತ್ತು. ಈಜುತ್ತಾ ಗೋಡೆಯ ಉದ್ದಕ್ಕೂ ಸುತ್ತು ಬಂತು, ಕಾಲೂರಲು ಎಲ್ಲೂ ಜಾಗ ಇಲ್ಲ. ಕೊನೆಗೆ ಇಬ್ಬರು ನೀರಿಗೆ ಇಳಿದು ಕೊರಳಿಗೆ ಹಗ್ಗ ಸಿಕ್ಕಿಸಿ ಆಚೆ ತುದಿಯ ಮೆಟ್ಟಿಲ ತನಕ ಎಳೆದುಕೊಂಡು ಹೋಗಬೇಕಾಯಿತು. ಕರುವಿನ ಜಾಗದಲ್ಲಿ ಒಂದು ಮಗು ಇದ್ದಿದ್ದರೆ? ರೇಲಿಂಗ್ ಹಾಕಿದ್ದೇವೆ ಎನ್ನಬೇಡಿ, ಮಕ್ಕಳು ರೇಲಿಂಗ್ ಹತ್ತುತ್ತಾರೆ. ಇಳಿಜಾರು ದಡದಲ್ಲಿ ಕಾಲು ಜಾರಿದವನು ಜೇಕನ್ನೋ ಮುಂಡೇವಿನ ಬಿಳಲನ್ನೋ ಹಿಡಿದು ಎದ್ದು ಬರಬಹುದು. ಆಮೆ, ಕಪ್ಪೆ, ಹುಂಡುಕೋಳಿ ಮರಿಗಳಿಗೂ ಇದೇ ಮಾತು. ಆಮೆ ಮೊಟ್ಟೆಯಿಡಲು ನೀರಿನಿಂದ ಮೇಲೆ ಬರಲೇಬೇಕು, ಗೋಡೆ ಹತ್ತಲು ಅದಕ್ಕೆ ಆಗುವುದಿಲ್ಲ.

ಗಿಡ ಬೆಳೆದರೆ ಸೊಳ್ಳೆ, ಹಾವು ಎನ್ನುವ ಮಾತು ಪ್ರತಿ ಗ್ರಾಮಸಭೆಯಲ್ಲಿ ಬರುತ್ತದೆ. ಹೆದರಿಕೆ ಸುಳ್ಳಲ್ಲ, ಮಂಗಳೂರು ಮಲೇರಿಯಾದಿಂದ ಸಾಕಷ್ಟು ಅನುಭವಿಸಿದೆ. ಆದರೆ ಪೇಟೆಯಲ್ಲಿ ಮಲೇರಿಯಾ ಹರಡುವ ಸೊಳ್ಳೆ ಹೆಚ್ಚಾಗಿ ಹುಟ್ಟುವುದು ಕಟ್ಟಡ ಕೆಲಸದ ಜಾಗದಲ್ಲಿ, ಟಾರಸಿಯಲ್ಲಿ, ತೊಟ್ಟಿಯಲ್ಲಿ ನಿಂತ ನೀರಿನಲ್ಲಿ. ದಡದಲ್ಲಿ ಗಿಡ ಇದ್ದರೆ ಮೀನಿನ ಮರಿಗಳಿಗೆ ಅಡಗಲು ಜಾಗ ಸಿಗುತ್ತದೆ, ಏರೋಪ್ಲೇನ್ ಚಿಟ್ಟೆಯ ಮರಿಗಳು ನೀರಲ್ಲಿ ಬೆಳೆಯುತ್ತವೆ. ಎರಡೂ ಸೊಳ್ಳೆ ಮರಿಯನ್ನು ತಿನ್ನುತ್ತವೆ. ಹಾಗಂತ ಬಿಟ್ಟುಬಿಟ್ಟರೆ ಆಗುವುದಿಲ್ಲ. ಜೊಂಡು ಕೆರೆಯನ್ನೆಲ್ಲ ತುಂಬಿ ನೀರು ಕೊಳೆತರೆ, ಇಲ್ಲವೇ ಅಂತರಗಂಗೆ ಮೇಲೆಲ್ಲ ಮುಚ್ಚಿದರೆ ಸೊಳ್ಳೆ ಖಂಡಿತ ಆಗುತ್ತದೆ. ವರ್ಷಕ್ಕೊಮ್ಮೆ ಕೊಯ್ದು ತೆಗೆಯಬೇಕು. ಚರಂಡಿ ನೀರು ಕೆರೆಗೆ ಬರುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಬೇಕು, ಇಲ್ಲದಿದ್ದರೆ ಅಂತರಗಂಗೆಗೆ ಗೊಬ್ಬರ ಹಾಕಿದ ಹಾಗೆ. ಹಾವಿನ ವಿಷಯಕ್ಕೆ, ಜನ ನಡೆಯುವ ದಾರಿಯ ಎರಡೂ ಬದಿ ಹುಲ್ಲು ಗಿಡ್ಡ ಇಡಿ, ದೀಪ ಇಡಿ, ಸಾಕು.

ಗಿಡ ಎಂದ ಕೂಡಲೇ ನರ್ಸರಿಯಲ್ಲಿ ಸಿಕ್ಕಿದ್ದೆಲ್ಲ ತಂದು ನೆಡಬೇಡಿ. ಕೆಲವು ಕಡೆ ದಡಕ್ಕೆ ಹಳದಿ ಹೂವಿನ ಹಬ್ಬುವ ಗಿಡ ಹಾಕುತ್ತಾರೆ, ಸಿಂಗಾಪುರ ಡೈಸಿ ಎನ್ನುತ್ತಾರೆ. ಚಂದ ಕಾಣುತ್ತದೆ, ಬೇಗ ಹಬ್ಬುತ್ತದೆ. ಆದರೆ ಬೇರು ಮೇಲೆ ಮೇಲೆ ಮಾತ್ರ, ಮತ್ತೆ ಬೇರೆ ಒಂದು ಗಿಡವನ್ನೂ ಏಳಲು ಬಿಡುವುದಿಲ್ಲ. ಅಲ್ಲಿಂದ ತೋಡಿಗೆ, ತೋಡಿನಿಂದ ಗದ್ದೆಗೆ. ಅಕೇಶಿಯಾ ಕರಾವಳಿಯ ಗುಡ್ಡಗಳಲ್ಲಿ ಬೇಕಾದಷ್ಟು ಆಗಿದೆ, ಕೆರೆಗೂ ತರುವುದು ಬೇಡ. ಲಾನ್ ಹುಲ್ಲಿನ ಬೇರು ಹೆಚ್ಚು ಆಳಕ್ಕೆ ಇಳಿಯುವುದಿಲ್ಲ, ನೀರು ಹಾಕುವ ಖರ್ಚು ಬೇರೆ. ನಮಗೆ ಬೇಕಾದ ಮರಗಳ ಬೀಜ ಹೊಳೆ ಬದಿಯಲ್ಲಿ, ಉಳಿದಿರುವ ನಾಗಬನಗಳಲ್ಲಿ ಸಿಗುತ್ತದೆ. ಅರಣ್ಯ ಇಲಾಖೆಯ ನರ್ಸರಿಗೆ ಒಂದು ವರ್ಷ ಮೊದಲೇ ಪಟ್ಟಿ ಕೊಟ್ಟರೆ ಸಸಿ ಮಾಡಿ ಕೊಡಬಹುದು. ಜೂನ್‌ನಲ್ಲಿ ಹೋಗಿ ಕೇಳಿದರೆ ಇದ್ದದ್ದನ್ನು ಕೊಡುತ್ತಾರೆ, ಅದು ಅವರ ತಪ್ಪಲ್ಲ.

ಸಮಯದ ಮಾತಿಗೆ ಬಂದರೆ, ನಮ್ಮ ಕೆಲಸ ಕೆಡುವುದು ಹೆಚ್ಚಾಗಿ ಅಲ್ಲಿಯೇ. ಏಪ್ರಿಲ್, ಮೇ ತಿಂಗಳಲ್ಲಿ ಹಿಟಾಚಿ ಇಳಿಸಿ ಹೂಳು ತೆಗೆದು ದಡದ ಮೇಲೇ ರಾಶಿ ಹಾಕುತ್ತಾರೆ. ಜೂನ್ ಮೊದಲ ವಾರ ಮಳೆ ಹಿಡಿದರೆ ಆ ರಾಶಿಯ ಅರ್ಧ ವಾಪಸು ಕೆರೆಗೆ. ದಡ ಬೋಳು, ಹಿಡಿಯಲು ಒಂದು ಹುಲ್ಲುಕಡ್ಡಿ ಇಲ್ಲ. ಹೂಳನ್ನು ಅದೇ ದಿನ ಗದ್ದೆ, ತೋಟಗಳಿಗೆ ಸಾಗಿಸಿ, ಕೇಳಿದರೆ ರೈತರೇ ಒಯ್ಯುತ್ತಾರೆ. ಮಾರ್ಚ್ ಒಳಗೆ ಇಳಿಜಾರು ಮುಗಿಸಿ. ಮೇ ಕೊನೆಗೆ ದಡದ ಮೇಲೆ ತೆಂಗಿನ ನಾರಿನ ಬಲೆಚಾಪೆ ಹಾಸಿ ಗೂಟ ಹೊಡೆಯಿರಿ. ಚದರ ಮೀಟರಿಗೆ 400ರಿಂದ 900 ಗ್ರಾಂ ತೂಕದ ತನಕ ಸಿಗುತ್ತದೆ. ಪಕ್ಕದ ಕೇರಳದಲ್ಲಿ ಕೆರೆ, ತೋಡುಗಳ ದಡಕ್ಕೆ ಇದನ್ನು ಧಾರಾಳವಾಗಿ ಬಳಸಿದ್ದಾರೆ. ನಾರು ನಿಧಾನ ಕೊಳೆಯುತ್ತದೆ, ಎರಡು ಮೂರು ವರ್ಷದಲ್ಲಿ ಅದು ಮಣ್ಣಾಗುವಷ್ಟರಲ್ಲಿ ಬೇರು ಕೆಲಸ ಹಿಡಿದುಕೊಂಡಿರುತ್ತದೆ. ಮಳೆ ಒಂದು ಹದಕ್ಕೆ ಬಂದ ಮೇಲೆ ಲಾವಂಚ, ಲಕ್ಕಿ, ಮುಂಡೇವು ಮತ್ತು ಮರದ ಸಸಿ. ನೀರಿನ ಅಂಚಿನ ಜೇಕು, ಬಜೆ ಮಾತ್ರ ಆಗ ಬೇಡ, ಮುಳುಗಿ ಹೋಗುತ್ತವೆ. ಅವನ್ನು ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ನೀರು ಇಳಿಯುತ್ತಾ ಹೋದ ಹಾಗೆ ಹಿಂಬಾಲಿಸಿಕೊಂಡು ನೆಡಬೇಕು.

ಈಗ ನಿಮ್ಮಿಂದ ಏನು ಬೇಕು ಎಂದು ನೇರ ಹೇಳುತ್ತೇನೆ. ಮುಂದಿನ ಎಸ್ಟಿಮೇಟಿನಲ್ಲಿ ಕೆರೆಯ ಸುತ್ತಳತೆಯ ಅರ್ಧಕ್ಕಾದರೂ ಗೋಡೆಯ ಬದಲು ಗಿಡದ ದಡ ಎಂದು ಬರೆಯಿರಿ. ನೆಡುವುದಕ್ಕೆ ಮಾತ್ರ ದುಡ್ಡು ಇಟ್ಟರೆ ಸಾಲದು. ಮೂರು ವರ್ಷದ ಆರೈಕೆ, ಸತ್ತ ಗಿಡದ ಜಾಗಕ್ಕೆ ಬೇರೆ ನೆಡುವುದು, ಮೊದಲ ಎರಡು ಬೇಸಿಗೆ ನೀರು, ದನ ಬಾರದ ಹಾಗೆ ಬೇಲಿ, ಇದೆಲ್ಲ ಟೆಂಡರಿನಲ್ಲೇ ಇರಲಿ, ಮತ್ತು ಬಿಲ್ಲಿನ ಒಂದು ಪಾಲನ್ನು ಬದುಕಿ ಉಳಿದ ಗಿಡಗಳನ್ನು ನೋಡಿಯೇ ಕೊಡಿ. ಕಾಂಕ್ರೀಟ್ ಗುತ್ತಿಗೆದಾರರಿಗೆ ಈ ಕೆಲಸ ಆಗದಿದ್ದರೆ ಊರಿನ ಸ್ವಸಹಾಯ ಸಂಘದವರಿಗೆ ವಹಿಸಿ, ಲಾವಂಚದ ಬುಡ ಸೀಳುವುದು, ಜೇಕು ನೆಡುವುದು ನಮ್ಮ ಹೆಂಗಸರಿಗೆ ಭತ್ತದ ನೇಜಿ ನೆಟ್ಟು ಗೊತ್ತಿರುವ ಕೆಲಸವೇ. ಇಂಜಿನಿಯರ್‌ಗಳಿಗೆ ಇದಕ್ಕೆ ದರಪಟ್ಟಿ ಇಲ್ಲ ಎನ್ನುವುದು ಅಡ್ಡಿಯಾಗಿದ್ದರೆ, ಈ ಎರಡು ಜಿಲ್ಲೆಗಳಿಗೆ ಒಂದು ದರಪಟ್ಟಿ ಮಾಡಿಸಿ ಕೊಡುವುದು ಮೇಲಿನ ಅಧಿಕಾರಿಗಳ ಕೆಲಸ. ಅದೊಂದು ಆದರೆ ಕೆಳಗಿನವರು ಧೈರ್ಯವಾಗಿ ಬರೆಯುತ್ತಾರೆ.

ಎಲ್ಲ ಕೆರೆಗೂ ಒಮ್ಮೆಲೇ ಬೇಡ ಎನ್ನುವುದಾದರೆ ತಾಲೂಕಿಗೆ ಒಂದು ಕೆರೆ ಆರಿಸಿ. ಅರ್ಧ ಗೋಡೆ, ಅರ್ಧ ಗಿಡ. ಮೂರು ಮಳೆಗಾಲ ಬಿಟ್ಟು ಎರಡೂ ಬದಿ ನಡೆದು ನೋಡೋಣ, ಖರ್ಚಿನ ಲೆಕ್ಕವನ್ನೂ ಪಕ್ಕ ಪಕ್ಕ ಇಡೋಣ. ನಮ್ಮ ಊರ ಕೆರೆಯ ಪಶ್ಚಿಮ ದಡ ಈಗಾಗಲೇ ಜರಿಯುತ್ತಿದೆ, ಅಲ್ಲಿಂದಲೇ ಶುರು ಮಾಡುವುದಾದರೆ ಊರಿನವರು ಸೇರುತ್ತಾರೆ. ಜೇಕಿನ ಗಡ್ಡೆ ಮತ್ತು ಮುಂಡೇವಿನ ಕಂದು (ಬುಡದ ಮರಿಗಿಡ) ನಮ್ಮ ಗದ್ದೆ ಬದಿಯಲ್ಲಿ ಧಾರಾಳ ಉಂಟು, ದುಡ್ಡು ಬೇಡ, ಕಿತ್ತುಕೊಂಡು ಹೋಗಿ. ಮಾರ್ಚ್ ಒಳಗೆ ಇಳಿಜಾರಿನ ಕೆಲಸ ಮುಗಿಯಬೇಕಾದರೆ ನವೆಂಬರ್‌ನಲ್ಲಿ ಅಳತೆ ಆಗಬೇಕು. ಯಾವ ದಿನ ಬರುತ್ತೀರಿ ಎಂದು ಪಂಚಾಯತ್ ಕಚೇರಿಗೆ ತಿಳಿಸಿದರೆ ಸಾಕು, ನಾವು ಟೇಪು ಹಿಡಿಯಲು ಇರುತ್ತೇವೆ.

ಇಂತಿ,
ಉಡುಪಿ ತಾಲೂಕಿನ ಒಬ್ಬ ಕೃಷಿಕ